ಬಸವನಗುಡಿಯ ಹಿಂದಿನ ಗಲ್ಲಿ

ವಿಯೆನ್ನಾಕ್ಕೋ ಫ್ಲಾರೆನ್ಸಿಗೋ ಹೋಗಿಬಂದವರು ಮೊದಲು ಹೇಳುವುದು ಕಾಲುನೋವಿನ ಮಾತು. ಆ ಊರುಗಳ ಹಳೆಯ ಭಾಗವನ್ನು ನಡೆದೇ ನೋಡಬೇಕು. ಬೆಂಗಳೂರಿಗೆ ಬಂದ ನೆಂಟರನ್ನು ಮಾತ್ರ ಆಟೋ ಹತ್ತಿಸುವುದು ಇಲ್ಲಿನ ವಾಡಿಕೆ. ಲಾಲ್‌ಬಾಗು, ದೊಡ್ಡ ಬಸವಣ್ಣ, ಟಿಪ್ಪುವಿನ ಅರಮನೆ, ಹೀಗೆ ಮೂರು ಕಡೆ ಇಳಿಸಿ ಮೂರು ಕಡೆ ಹತ್ತಿಸಿದರೆ ಊರು ತೋರಿಸಿದಂತಾಯಿತು.

ಹಾಗೆ ಮಾಡದೆ, ಬೆಳಿಗ್ಗೆ ಎನ್.ಆರ್. ಕಾಲೋನಿಯಿಂದ ಹೊರಟು ಬುಲ್ ಟೆಂಪಲ್ ರಸ್ತೆ ಹಿಡಿದು ಉತ್ತರಕ್ಕೆ ನಡೆದವರಿಗೆ ಒಂದು ಸಂಗತಿ ಹೊಳೆಯುತ್ತದೆ. ಕಾಲು ಮುಂದೆ ಹೋದಂತೆ ಕಾಲ ಹಿಂದೆ ಹೋಗುತ್ತದೆ. ನರಸಿಂಹರಾಜ ಕಾಲೋನಿ ಇಪ್ಪತ್ತನೆಯ ಶತಮಾನದ್ದು. ಅದನ್ನು ದಾಟಿದರೆ 1890ರ ದಶಕದ ಬಸವನಗುಡಿ. ಮುಂದೆ 1892ರ ಚಾಮರಾಜಪೇಟೆ. ಆಮೇಲೆ ಹೈದರನ ಕಾಲದ ಕಲ್ಲುಕೋಟೆ. ಕೊನೆಗೆ 1537ರಲ್ಲಿ ಕೆಂಪೇಗೌಡ ಕಟ್ಟಿಸಿದನೆನ್ನುವ ಪೇಟೆ. ಎಲ್ಲ ಸೇರಿ ನಾಲ್ಕು ಕಿಲೊಮೀಟರಿನ ಆಸುಪಾಸು.

ಈ ಲೆಕ್ಕಕ್ಕೆ ಸಿಗದಿರುವುದು ದಾರಿಯಲ್ಲಿ ಎದುರಾಗುವ ಬಂಡೆಯೊಂದೇ. ಬ್ಯೂಗಲ್ ರಾಕ್ ಎಂದು ಕರೆಯುವ ಕಹಳೆ ಬಂಡೆ ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದೆಂದು ಭೂವಿಜ್ಞಾನಿಗಳು ಹೇಳುವ ಶಿಲೆಯ ಜಾತಿಯದು. ಪಕ್ಕದ ಗುಡಿಯಲ್ಲಿ ಒಂದೇ ಕಲ್ಲಿನಲ್ಲಿ ಕಡೆದ, ಸುಮಾರು ಹದಿನೈದು ಅಡಿ ಎತ್ತರದ ಬಸವ ಕೂತಿದ್ದಾನೆ. ಸುಂಕೇನಹಳ್ಳಿಯ ರೈತರ ಕಡಲೆಕಾಯಿ ಮೇಯುತ್ತಿದ್ದ ಬಸವನ ಕಥೆ, ಕಾರ್ತಿಕದ ಕೊನೆಯ ಸೋಮವಾರದ ಪರಿಷೆ ಎಲ್ಲರಿಗೂ ಗೊತ್ತು. ಆ ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ, ಹಡಗು ಹತ್ತಿ ಬಂದದ್ದು ಎಂಬುದನ್ನು ಪರಿಷೆಯಲ್ಲಿ ಯಾರೂ ನೆನೆಯುವುದಿಲ್ಲ, ನೆನೆಯಬೇಕಾಗಿಯೂ ಇಲ್ಲ. ಎಡಕ್ಕೆ ಹೊರಳಿದರೆ ಗವಿಪುರದ ಗಂಗಾಧರೇಶ್ವರ. ಸಂಕ್ರಾಂತಿಯ ಸಂಜೆ ಬಿಸಿಲು ಲಿಂಗ ಮುಟ್ಟುವ ಆ ಗವಿಯನ್ನು ನೋಡಲು ಪುರಸೊತ್ತು ಬೇಕು. ಅದಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳುವುದು ಲೇಸು.

ಏಕೆಂದರೆ ಬಸವನಗುಡಿಯಲ್ಲಿ ನೋಡಬೇಕಾದದ್ದು ಗುಡಿ ಮಾತ್ರ ಅಲ್ಲ, ರಸ್ತೆ. ನೆಟ್ಟಗೆ, ಅಗಲವಾಗಿ, ಒಂದನ್ನೊಂದು ಚೌಕವಾಗಿ ಕತ್ತರಿಸುವ ಈ ರಸ್ತೆಗಳನ್ನು ಯಾವ ಪ್ರವಾಸಿ ಪುಸ್ತಕವೂ ಸ್ಮಾರಕವೆಂದು ಹೇಳುವುದಿಲ್ಲ. ಆದರೆ ಊರು ತಾನು ಪಟ್ಟ ಭಯವನ್ನು ಬರೆದಿಟ್ಟಿರುವುದು ಇಲ್ಲಿಯೇ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಹೊಸ ಬಡಾವಣೆಯ ಆಲೋಚನೆ ಮೊದಲೇ ಇತ್ತು. ಅದಕ್ಕೆ ಅವಸರ ತಂದದ್ದು ಸಾವು. ಪೇಟೆಯ ಒತ್ತಾದ ಮನೆಗಳಲ್ಲಿ ಇಲಿ ಬಿದ್ದರೆ ಜನ ಮನೆ ಬಿಡುತ್ತಿದ್ದ ಕಾಲ. ಅನುಕೂಲವಿದ್ದವರು ಬಸವನಗುಡಿಗೆ, ಮಲ್ಲೇಶ್ವರಕ್ಕೆ ಬಂದರು. ಇಲ್ಲದವರು ಪೇಟೆಯಲ್ಲಿಯೇ ಉಳಿದರು. ಪ್ಲೇಗಮ್ಮ ಎಂಬ ಹೆಸರಿನಲ್ಲಿ ಮಾರಮ್ಮನಿಗೆ ಗುಡಿ ಎದ್ದದ್ದೂ ಇದೇ ಭಯದಿಂದ.

ಇಲ್ಲೊಂದು ಸ್ವಾರಸ್ಯವಿದೆ. ಇಲಿಯಿಂದ ಮನುಷ್ಯನಿಗೆ ಪ್ಲೇಗು ದಾಟಿಸುವುದು ಚಿಗಟ ಎಂದು ಫ್ರಾನ್ಸಿನ ವೈದ್ಯ ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ತೋರಿಸಿದ್ದು ಅದೇ 1898ರಲ್ಲಿ. ವೈದ್ಯಲೋಕ ಅದನ್ನು ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಬಡಾವಣೆಗೆ ಗೆರೆ ಎಳೆದವರ ಮನಸ್ಸಿನಲ್ಲಿ ಚಿಗಟ ಇರಲಿಲ್ಲ. ಗಾಳಿ, ಬೆಳಕು ಮತ್ತು ಕೊಳೆ ಇದ್ದವು. ಗಾಳಿಗೆಂದು ರಸ್ತೆ ಅಗಲವಾಯಿತು, ಬೆಳಕಿಗೆಂದು ಮನೆಗಳ ನಡುವೆ ಜಾಗ ಬಿಟ್ಟರು. ರೋಗದ ಕಾರಣ ಅರ್ಧ ಮಾತ್ರ ತಿಳಿದಿದ್ದವರು ಕಟ್ಟಿದ ಊರಿನ ನೆರಳಿನಲ್ಲಿ ನೂರಕ್ಕೂ ಹೆಚ್ಚು ವರ್ಷ ಜನ ಸುಖವಾಗಿ ನಡೆದಾಡಿದರು.

ಇನ್ನು ಕೊಳೆ. ಅದಕ್ಕೆಂದು ಮಾಡಿದ್ದು ಎರಡು ಸಾಲು ಮನೆಗಳ ಹಿತ್ತಲುಗಳ ನಡುವಿನ ಕಿರಿದಾದ ಓಣಿ. ಕಾಗದದ ಮೇಲೆ ಅದು ಕನ್ಸರ್ವೆನ್ಸಿ ಲೇನು. ಮನೆಮಂದಿಯ ಬಾಯಲ್ಲಿ ಹಿಂದಿನ ಗಲ್ಲಿ. ಸಭಿಕರಲ್ಲಿ ಹಿರಿಯರಿಗೆ ಅದು ಚೆಂಡು ಹುಡುಕಲು ಹೋದ ಜಾಗವಾಗಿ ನೆನಪಿರಬಹುದು. ಆದರೆ ಅದನ್ನು ಮಾಡಿದ ಉದ್ದೇಶ ಬೇರೆ. ಒಳಚರಂಡಿ ಬರುವ ಮೊದಲು ಮನೆಗಳ ಕಕ್ಕಸು ಹಿತ್ತಲಿನ ಕೊನೆಯಲ್ಲಿತ್ತು. ಅದನ್ನು ಬರಿದುಮಾಡುವವರು ಬೆಳಗಿನ ಹೊತ್ತು ಈ ಗಲ್ಲಿಯಲ್ಲಿ ಬಂದು, ಹೊತ್ತುಕೊಂಡು, ಈ ಗಲ್ಲಿಯಲ್ಲೇ ಹೋಗುತ್ತಿದ್ದರು. ಮುಂಬಾಗಿಲ ರಂಗೋಲಿಗೂ ಅವರಿಗೂ ಭೇಟಿಯಾಗದಂತೆ ಊರಿನ ನಕ್ಷೆಯೇ ನೋಡಿಕೊಂಡಿತು. ಅದೇ ಕಾಲದ ಮಲ್ಲೇಶ್ವರದಲ್ಲಿ ಜಾತಿ, ಮತಗಳ ಲೆಕ್ಕ ಹಿಡಿದು ಭಾಗಗಳನ್ನೇ ಗೊತ್ತುಮಾಡಿದ್ದರು. ಹೊಸ ಊರಿನ ಆರೋಗ್ಯಶಾಸ್ತ್ರ ಹಳೆಯ ಮಡಿಯ ಜೊತೆ ಇಷ್ಟು ಸಲೀಸಾಗಿ ಹೊಂದಿಕೊಂಡದ್ದು ಆಗ ಯಾರಿಗೂ ವಿಚಿತ್ರವೆನಿಸಿದಂತಿಲ್ಲ.

ಕರ್ನಾಟಕದಲ್ಲಿ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದ ಕೀರ್ತಿ 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರದು. ಇಡೀ ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ; ಅದು ಸಾಲದೆ 2013ರಲ್ಲಿ ಮತ್ತೊಂದು. ಗಲ್ಲಿಗಳ ಗತಿ ಬೇರೆಯಾಯಿತು. ಕೆಲವಕ್ಕೆ ಎರಡೂ ತುದಿಯಲ್ಲಿ ಗೇಟು ಬಿದ್ದಿದೆ, ಕೆಲವು ಸ್ಕೂಟರಿಗೆ ದಾರಿಯಾಗಿವೆ, ಕೆಲವನ್ನು ಅಕ್ಕಪಕ್ಕದವರು ಸದ್ದಿಲ್ಲದೆ ಹಿತ್ತಲಿಗೆ ಸೇರಿಸಿಕೊಂಡಿದ್ದಾರೆ. ಹಳೆಯ ಮನೆ ಬಿದ್ದರೆ ಅಯ್ಯೋ ಎನ್ನುವವರು ಗಲ್ಲಿ ಹೋದರೆ ಏನೂ ಅನ್ನುವುದಿಲ್ಲ. ಮಂಗಳೂರು ಹೆಂಚಿನ ಮನೆಯ ಚಿತ್ರ ಎಷ್ಟು ಬೇಕಾದರೂ ಸಿಗುತ್ತದೆ. ಗಲ್ಲಿಯಲ್ಲಿ ನಡೆದವರ ಚಿತ್ರ ಹುಡುಕಿದರೂ ಸಿಗುವುದು ಕಷ್ಟ. ಆದ್ದರಿಂದ ಬಸವನಗುಡಿ ತೋರಿಸುವವರು ಗಾಂಧಿಬಜಾರಿನ ಹೂವು, ಹಣ್ಣು, 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ದೋಸೆ ಇವುಗಳ ಜೊತೆಗೆ ನೆಂಟರನ್ನು ಒಂದು ಗಲ್ಲಿಯ ಬಾಯಿಗಾದರೂ ಕರೆದುಕೊಂಡು ಹೋಗಿ ನಿಲ್ಲಿಸಬೇಕು.

ಚಾಮರಾಜಪೇಟೆಯನ್ನು ಬಿಸಿಲೇರಿದ ಮೇಲೆ ಬೇಗ ದಾಟುವವರೇ ಹೆಚ್ಚು. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಅಂಗಳದಲ್ಲಿ ಸ್ವಲ್ಪ ಹೊತ್ತು ಕೂರಬಹುದು. ಕೋಟೆಯಲ್ಲಿ ಉಳಿದಿರುವುದು ಒಂದು ತುಣುಕು ಗೋಡೆ, ದೆಹಲಿ ಬಾಗಿಲು, 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ನುಗ್ಗಿದ ಜಾಗ ಹೇಳುವ ಕಲ್ಲು. ವಿಯೆನ್ನಾದಲ್ಲಿ 1857ರ ನಂತರ ಕೋಟೆಗೋಡೆ ಕೆಡವಿದ ಜಾಗದಲ್ಲಿ ಊರಿನ ಸುತ್ತ ಮರಗಳ ಸಾಲಿನ ದೊಡ್ಡ ರಸ್ತೆ ಮಾಡಿದರು. ಇಂದಿಗೂ ಜನ ಅದರ ಗುಂಟ ನಡೆದು ಹಳೆಯ ಗೋಡೆಯ ಸುತ್ತಳತೆ ಕಾಣುತ್ತಾರೆ. ಇಲ್ಲಿ ಗೋಡೆ ಹೋದ ಗುರುತೂ ಹೋಯಿತು.

ಸಂಜೆಗೆ ಪೇಟೆ. ಅರಳೇಪೇಟೆ, ಅಕ್ಕಿಪೇಟೆ, ಬಳೇಪೇಟೆ. ಹೆಸರೇ ಕಸುಬು ಹೇಳುತ್ತದೆ. ಕೈಗಾಡಿಗೆ ದಾರಿ ಬಿಟ್ಟು ಗೋಡೆಗೆ ಒರಗಿ ನಿಂತಾಗ, ಎದುರಿನ ಗೋಡೆ ಕೈಗೆಟಕುವಷ್ಟು ಹತ್ತಿರದಲ್ಲಿದ್ದಾಗ, ಬೆಳಿಗ್ಗೆ ನಡೆದ ಬಸವನಗುಡಿಯ ರಸ್ತೆ ಅಷ್ಟು ಅಗಲ ಏಕೆಂದು ತಾನೇ ತಿಳಿಯುತ್ತದೆ. ಪೇಟೆ ಬಿಟ್ಟವರು ದಕ್ಷಿಣಕ್ಕೆ ಹೋದರು. ನಡೆದು ಬಂದವರು ಆ ದಾರಿಯನ್ನು ಎದುರಿನಿಂದ ಅಳೆದಿರುತ್ತಾರೆ.

ಕಾಲು ಸೋತವರಿಗೆ ಈಗ ಮೆಟ್ರೊ ಇದೆ. ಕೃಷ್ಣರಾಜೇಂದ್ರ ಮಾರುಕಟ್ಟೆಯಿಂದ ನ್ಯಾಷನಲ್ ಕಾಲೇಜಿಗೆ ಒಂದೇ ನಿಲ್ದಾಣ. ಅಲ್ಲಿಂದ ಎನ್.ಆರ್. ಕಾಲೋನಿಗೆ ಮತ್ತೆ ನಡಿಗೆಯೇ.