ನಾನೇ ಒಡೆಸಿದ ಜಗಲಿ

ನಾನು ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. ಎಂ.ಟೆಕ್ ಮುಗಿಸಿ ನೇರ ಹಿಂಜವಡಿಗೆ ಬಂದವನು, ಇನ್ನೂ ಅಲ್ಲೇ ಇದ್ದೀನಿ. ಇವತ್ತು ಸಾಫ್ಟ್‌ವೇರ್ ಮಾತು ಬೇಡ. ಸಾಗರದ ಹತ್ತಿರ ಇರೋ ನಮ್ಮ ಊರ ಮನೆಗೆ ಜಗಲಿ ಕಟ್ಟಿಸಿದ ವಿಷಯ ಹೇಳ್ತೀನಿ. ಅಪ್ಪ ಅಮ್ಮ ಊರಲ್ಲಿ, ನಾವು ಇಲ್ಲಿಂದ ವಾಟ್ಸಾಪ್‌ನಲ್ಲೇ ಮನೆ ರಿಪೇರಿ ಮಾಡಿಸೋದು, ಇದು ನಿಮ್ಮಲ್ಲೂ ತುಂಬಾ ಜನಕ್ಕೆ ಗೊತ್ತಿರೋ ಕೆಲಸವೇ.

ಮೊದಲೇ ಹೇಳಿಬಿಡ್ತೀನಿ. ಆ ಮನೆಗೆ ಜಗಲಿ ಇತ್ತು. ಅದನ್ನ ಒಡೆಸಿದ್ದು ನಾನು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಕೈಯಲ್ಲಿ ದುಡ್ಡು ಓಡಾಡ್ತಿತ್ತು. ರಜೆಗೆ ಹೋದಾಗ ನನಗೊಂದು ರೂಮು, ಅದಕ್ಕೇ ಸೇರಿದ ಬಾತ್‌ರೂಮು ಬೇಕು ಅನ್ನಿಸ್ತು. ಜಗಲಿ ತೆಗೆಸಿ ಅಲ್ಲಿ ತಾರಸಿ ಹಾಕಿದ ರೂಮು, ಪಕ್ಕದಲ್ಲಿ ಗ್ರಿಲ್ ಬಾಗಿಲು ಮಾಡಿಸಿದೆ. ಅಪ್ಪಯ್ಯ ಬೇಡ ಅನ್ನಲಿಲ್ಲ. ಮಗನ ದುಡ್ಡು, ಮಗನ ಆಸೆ ಅಂತ ಸುಮ್ಮನಿದ್ರು.

ಆಮೇಲೆ ಏನಾಯ್ತು ಅಂದ್ರೆ, ಜನ ಬರೋದು ನಿಂತುಹೋಯ್ತು. ಯಾರಿಗೂ ಸಿಟ್ಟಿಲ್ಲ, ಜಗಳ ಇಲ್ಲ. ಮೊದಲು ತೋಟದಿಂದ ವಾಪಸ್ ಹೋಗೋರು ಹಾಗೇ ಬಂದು ಜಗಲಿ ಅಂಚಿಗೆ ಕೂರ್ತಿದ್ರು, ಕಾಲಲ್ಲಿ ಕೆಸರು ಇದ್ರೂ ಪರವಾಗಿಲ್ಲ, ಎಲೆ ಅಡಿಕೆ ಹಾಕ್ಕೊಂಡು ಎದ್ದು ಹೋಗ್ತಿದ್ರು. ಈಗ ಗ್ರಿಲ್ ಹತ್ರ ನಿಂತು ಕರೀಬೇಕು, ಕಾಲು ತೊಳೀಬೇಕು, ಸೋಫಾದಲ್ಲಿ ಕೂರಬೇಕು. ಅಷ್ಟೆಲ್ಲ ಮಾಡಿ ಬರೋಕೆ ಒಂದು ಕಾರಣ ಬೇಕಲ್ವಾ? ಅಪ್ಪಯ್ಯ ದಿನಾ ಸಂಜೆ ಆರೂವರೆಗೆ ನನಗೆ ಫೋನ್ ಮಾಡೋಕೆ ಶುರು ಮಾಡಿದ್ರು. ಸರಿಯಾಗಿ ನನ್ನ ಅಮೆರಿಕ ಕಾಲ್ ಇರೋ ಹೊತ್ತು. ಅಡಿಕೆ ರೇಟು, ಕೊಳೆ ರೋಗ, ಪಕ್ಕದ ಮನೆ ದನ, ನಲವತ್ತು ನಿಮಿಷ. ಪ್ರೀತಿಗೆ ಮಾಡ್ತಾರೆ ಅಂದ್ಕೊಂಡಿದ್ದೆ. ಮಾತಾಡೋಕೆ ಬೇರೆ ಯಾರೂ ಇಲ್ಲ ಅಂತ ಗೊತ್ತಾಗೋಕೆ ವರ್ಷಗಟ್ಟಲೆ ಬೇಕಾಯ್ತು.

ಸರಿ, ಮತ್ತೆ ಕಟ್ಟೋಣ ಅಂತ ಹೊರಟಾಗಲೂ ನಾನು ಮೊದಲು ಬರೆದ ಪ್ಲಾನ್ ನೋಡಿದ್ರೆ ನಗ್ತೀರಿ. ಚಪ್ಪಟೆ ಆರ್‌ಸಿಸಿ ಪೋರ್ಟಿಕೋ, ಕೆಳಗೆ ನನ್ನ ಕಾರು. ನನ್ನ ಹೆಂಡತಿ ಕೇಳಿದ್ಲು, "ಕಾರು ವರ್ಷಕ್ಕೆ ಎಷ್ಟು ದಿನ ಅಲ್ಲಿ ನಿಲ್ಲತ್ತೆ?" ಎಣಿಸಿದೆ. ಹದಿನಾಲ್ಕು ದಿನ. ಆ ಪ್ಲಾನ್ ಅಲ್ಲಿಗೇ ಬಿಟ್ಟೆ.

ಅಳತೆ ತಗೊಳ್ಳೋಕೆ ನಾನು ಲ್ಯಾಪ್‌ಟಾಪ್ ತೆಗೆದೆ, ಮೇಸ್ತ್ರಿ ಸುಣ್ಣದ ಪುಡಿ ತಂದ್ರು. ಅಂಗಳದಲ್ಲಿ ಗೆರೆ ಎಳೆದು, ಒಳಗಿಂದ ಆರಾಮ ಕುರ್ಚಿ, ಬೆಂಚು ತಂದಿಟ್ಟು ಎರಡು ದಿನ ಅಲ್ಲೇ ಕೂತ್ವಿ. ಆರು ಅಡಿ ಅಗಲ ಸಾಲಲಿಲ್ಲ. ಕುರ್ಚಿಯಲ್ಲಿ ಕಾಲು ಚಾಚಿದವರ ಮುಂದೆ ಇನ್ನೊಬ್ಬರು ದಾಟೋಕೆ ಆಗಲ್ಲ. ಎಂಟು ಅಡಿಗೆ ಬಂತು. ಅಮ್ಮನಿಗೆ ಮಾತ್ರ ಬೇಜಾರು, ಅಡಿಕೆ ಒಣಗಿಸೋ ಅಂಗಳದಲ್ಲಿ ಎಂಟು ಅಡಿ ಹೋಯ್ತು ಅಂತ. ಆ ಬೇಜಾರು ಇವತ್ತಿಗೂ ಇದೆ, ನ್ಯಾಯವಾಗೇ ಇದೆ.

ಮುಖ್ಯ ವಿಷಯ ಮಾಡಿನದ್ದು. ನಮ್ಮ ಮನೆ ಪಶ್ಚಿಮಕ್ಕೆ ಮುಖ. ಜೂನ್ ಬಂತು ಅಂದ್ರೆ ಮಳೆ ಮೇಲಿಂದ ಬೀಳಲ್ಲ, ಎದುರಿಂದ ಎರಚತ್ತೆ. ಹಾಗಾಗಿ ಮಂಗಳೂರು ಹೆಂಚು, 30 ಡಿಗ್ರಿ ಇಳಿಜಾರು, ಜಗಲಿಯಿಂದ ಎರಡೂವರೆ ಅಡಿ ಮುಂದಕ್ಕೆ ಚಾಚಿದ ಮಾಡು ಅಂತ ಮೇಸ್ತ್ರಿ ಹೇಳಿದ್ರು. ನಾನು ಲೆಕ್ಕ ಹಾಕಿದೆ. ಹಳೇ ಗೋಡೆಗೆ ಮಾಡು ಸೇರೋ ಜಾಗ ಜಗಲಿ ನೆಲದಿಂದ 11 ಅಡಿ. ಹತ್ತೂವರೆ ಅಡಿ ಮುಂದೆ ಬರೋಷ್ಟರಲ್ಲಿ ಆರು ಅಡಿ ಇಳಿಯತ್ತೆ. ಅಂದ್ರೆ ತುದಿಯಲ್ಲಿ ಉಳಿಯೋದು ಐದೇ ಅಡಿ. "ತಲೆ ಹೊಡೆಯತ್ತೆ, ಇಳಿಜಾರು ಕಡಿಮೆ ಮಾಡಿ" ಅಂದೆ. ಅವರು ಕೋಲು ತಗೊಂಡು ಅಂಗಳಕ್ಕೆ ಇಳಿದ್ರು. "ಮಾಡಿನ ತುದಿ ಕೆಳಗೆ ಜಗಲಿ ಎಲ್ಲಿದೆ ಮಾರಾಯ್ರೆ? ಅಲ್ಲಿರೋದು ಅಂಗಳ." ಹೌದು! ಜಗಲಿ ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರ. ಜಗಲಿ ಅಂಚಲ್ಲಿ ನಿಂತವನ ತಲೆ ಮೇಲೆ ಆರು ಅಡಿ ನಾಲ್ಕು ಇಂಚು ಇದೆ, ಅಂಗಳಕ್ಕೆ ಇಳಿದವನ ಮೇಲೂ ಹೆಚ್ಚುಕಮ್ಮಿ ಅಷ್ಟೇ. ಮನುಷ್ಯ ಇಳೀತಾನೆ, ಮಾಡೂ ಅವನ ಜೊತೆ ಇಳಿಯತ್ತೆ. ಕೂತವನಿಗೆ ಮಾತ್ರ ಎದುರಿನ ಎರಚಲು ತಪ್ಪತ್ತೆ. ನನ್ನ ಚಿತ್ರದಲ್ಲಿ ನೆಲ ಕೊನೇತನಕ ಸಮತಟ್ಟಾಗಿತ್ತು, ಅಷ್ಟೇ ತಪ್ಪು.

ಒಂದು ಕಡೆ ನಾನು ಗೆದ್ದೆ. ಹೊಸ ಜಂಬಿಟ್ಟಿಗೆ ಕಟ್ಟಡವನ್ನ ಹಳೇ ಗೋಡೆಗೆ ಕಚ್ಚಿಸಿ ಕಟ್ಟೋಣ ಅಂತ ಮೇಸ್ತ್ರಿ, ಬೇಡ ಅಂತ ನಾನು. ಹಳೇ ಪಾಯ ಕೂರಬೇಕಾದಷ್ಟು ಕೂತಾಗಿದೆ, ಹೊಸದು ಇನ್ನೂ ಕೂರಬೇಕು. ಎರಡನ್ನೂ ಬಿಗಿದ್ರೆ ಬಿರುಕು ಖಂಡಿತ. ನಡುವೆ ಅರ್ಧ ಇಂಚು ಸಂದು ಬಿಟ್ವಿ. ಮಾಡು ಗೋಡೆಗೆ ಸೇರೋ ಜಾಗದಲ್ಲಿ ಗೋಡೆ ಕೊರೆದು, ತಗಡನ್ನ ಅದರೊಳಗೆ ಮಡಚಿ ಸೇರಿಸಿ, ಮೇಲಿಂದ ಸೀಲ್ ಮಾಡಿಸ್ಬೇಕಿತ್ತು. ಖರ್ಚು ಉಳಿಸೋಕೆ ಬರೀ ಸಿಮೆಂಟ್ ಮೆತ್ತಿಸಿದೆ. ಮೊದಲ ಮಳೆಗೇ ಸೋರ್ತು. ಆಗಸ್ಟ್‌ನಲ್ಲಿ ಡಬಲ್ ದುಡ್ಡು ಕೊಟ್ಟು ತಗಡು ಹಾಕಿಸಿದ್ದಾಯ್ತು. ನೀವು ಕಟ್ಟಿಸೋದಾದ್ರೆ ಇಲ್ಲಿ ಮಾತ್ರ ಜಿಪುಣತನ ಬೇಡ. ಕಾಂಕ್ರೀಟಿಗೆ ಏಳರಿಂದ ಹತ್ತು ದಿನ ನೀರು ಹೊಡೆಯೋರು ಯಾರು ಅನ್ನೋದನ್ನೂ ಮೊದಲೇ ಗೊತ್ತುಮಾಡ್ಕೊಳ್ಳಿ, ಏಪ್ರಿಲ್‌ನಲ್ಲಿ ಬಾವಿ ತಳ ಕಾಣ್ತಿರತ್ತೆ.

ಹೆಂಚು ಹಳೇದೇ ತಂದ್ವಿ, ಕೆಡವಿದ ಮನೆಯೊಂದರದ್ದು. ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ರು. ಅಲ್ಲಿಂದ ಬಂದ ಆಕಾರವೇ ಇವತ್ತಿಗೂ ನಡೀತಿದೆ, ಹಾಗಾಗಿ ಒಡೆದ ಒಂದೆರಡಕ್ಕೆ ಬದಲಿ ಸಿಗತ್ತೆ. ಬೆರಳಲ್ಲಿ ತಟ್ಟಿ ನೋಡಬೇಕು. ಟಣ್ ಅಂದ್ರೆ ಸರಿ, ಬೊದ್ದು ಸದ್ದು ಬಂದ್ರೆ ಸೀಳಿದೆ ಅಂತ. ನೆಲಕ್ಕೆ ಕೆಂಪು ಕಾವಿ. ಹೊಳೆಯೋ ಟೈಲ್ಸ್ ಮೇಲೆ ಅಮ್ಮ ಒಮ್ಮೆ ಜಾರಿ ಮಣಿಕಟ್ಟು ಮುರ್ಕೊಂಡಿದ್ರು, ಆ ಮಾತೇ ಬೇಡ ಅಂದ್ವಿ. ಮೆಟ್ಟಿಲು ಆರಾರು ಇಂಚಿನವು ಮೂರು, ಪಕ್ಕದಲ್ಲಿ ಹಿಡ್ಕೊಳ್ಳೋಕೆ ಪೈಪು.

ಹಳೇ ಜಗಲಿ ಬಗ್ಗೆ ನಾವು ಊರು ಬಿಟ್ಟವರು ತುಂಬಾ ಸಿಹಿಯಾಗಿ ಮಾತಾಡ್ತೀವಿ. ಆದ್ರೆ ಅಲ್ಲಿ ಯಾರು ಮೇಲೆ ಕೂರಬೇಕು, ಯಾರು ಅಂಗಳದಲ್ಲೇ ನಿಲ್ಲಬೇಕು ಅನ್ನೋ ಲೆಕ್ಕನೂ ಇತ್ತು. ನಮ್ಮ ಮೇಸ್ತ್ರಿಯ ಅಪ್ಪ ಕೂಲಿ ತಗೊಳ್ಳೋಕೆ ಬಂದಾಗ ಅಂಗಳದಲ್ಲಿ ನಿಂತಿರ್ತಿದ್ದದ್ದು ನನಗೆ ನೆನಪಿದೆ. ಹೊಸ ಜಗಲಿ ಅಂಚಿಗೆ ಹದಿನಾರು ಇಂಚು ಎತ್ತರದ ಕಟ್ಟೆ ಕಟ್ಟಿದ ದಿನ ಅಪ್ಪಯ್ಯ ಹೇಳಿದ್ರು, "ಮೊದಲು ನೀವು ಕೂರಿ ಮೇಸ್ತ್ರೀ, ಎತ್ತರ ಸರಿ ಇದ್ಯಾ ನೋಡಿ." ಅವರು ಸ್ವಲ್ಪ ಹೊತ್ತು ನಿಂತೇ ಇದ್ರು. ಆಮೇಲೆ ಕೂತ್ರು. "ಒಂದಿಂಚು ಇಳಿಸ್ಬಹುದಿತ್ತು" ಅಂದ್ರು. ಮಧ್ಯಾಹ್ನದ ಊಟವನ್ನ ಇಬ್ರೂ ಅಲ್ಲೇ ಮಾಡಿದ್ರು.

ಪಂಚಾಯಿತಿಯಲ್ಲಿ ಮೊದಲೇ ಕೇಳಿ ಅನುಮತಿ ತಗೊಳ್ಳಿ, ರಸ್ತೆಯಿಂದ ಎಷ್ಟು ಬಿಡಬೇಕು ಅನ್ನೋದು ಕಟ್ಟಿದ ಮೇಲೆ ಗೊತ್ತಾದ್ರೆ ಕಷ್ಟ.

ಕಳೆದ ಜುಲೈನಲ್ಲಿ ಒಂದು ಸಂಜೆ ಆರೂವರೆ ಆಯ್ತು, ಏಳಾಯ್ತು, ಫೋನ್ ಬರಲಿಲ್ಲ. ಗಾಬರಿಯಾಗಿ ಕಾಲ್ ಮಧ್ಯೆಯೇ ಎದ್ದು ನಾನೇ ಮಾಡಿದೆ. ಹೆಂಚಿನ ಮೇಲೆ ಮಳೆ ಧೋ ಅಂತಿತ್ತು. ಹಿಂದೆ ಮೂರ್ನಾಲ್ಕು ಜನರ ಧ್ವನಿ, ಯಾರೋ ಜೋರಾಗಿ ನಗ್ತಿದ್ರು. ಅಪ್ಪಯ್ಯ ಹೇಳಿದ್ದು ಇಷ್ಟೇ. "ಏನೂ ಕೇಳ್ಸಲ್ಲ ಮಾರಾಯ, ಜನ ಬಂದಿದಾರೆ. ನಾಳೆ ಮಾಡು."