ಅಜ್ಜಿಯ ಸಾರಿಗೆ ಉಪ್ಪು ಯಾಕೆ ಕಮ್ಮಿ?

ಕೆಲವು ಮನೆಗಳಲ್ಲಿ ಸಾರು ಕುದಿಯುವಾಗಲೇ ಎರಡು ಸೌಟು ಬೇರೆ ಬಟ್ಟಲಿಗೆ ತೆಗೆದಿಡುತ್ತಾರೆ. "ಇದು ಅಜ್ಜಿಗೆ. ಅವರಿಗೆ ಬಿ.ಪಿ. ಇದೆಯಲ್ಲ, ಉಪ್ಪು ಕಮ್ಮಿ ಹಾಕಿದೀನಿ" ಅಂತ ಅಮ್ಮ ಹೇಳುತ್ತಾರೆ. ಉಪ್ಪಿನ ರುಚಿ ತಿಳಿಯುವುದು ನಾಲಿಗೆಗೆ, ಬಿ.ಪಿ. ಇರುವುದು ರಕ್ತನಾಳದಲ್ಲಿ. ಇವೆರಡಕ್ಕೂ ಎಲ್ಲಿಂದೆಲ್ಲಿಯ ನಂಟು ಎಂದು ನಿಮಗೆ ಅನ್ನಿಸಿರಬಹುದು. ಬನ್ನಿ ಮಕ್ಕಳೇ, ಅಡುಗೆಮನೆಯಲ್ಲೇ ಹುಡುಕೋಣ.

ಒಂದು ಎಳೆ ಸೌತೆಕಾಯಿ ಹೆಚ್ಚಿಸಿಕೊಂಡು ಎರಡು ತಟ್ಟೆಗೆ ಹಂಚಿ. ಒಂದು ತಟ್ಟೆಯ ಹೋಳುಗಳ ಮೇಲೆ ಮಾತ್ರ ಅರ್ಧ ಚಮಚ ಉಪ್ಪು ಉದುರಿಸಿ. ಕಾಲು ಗಂಟೆ ಬಿಟ್ಟು ನೋಡಿದರೆ ಉಪ್ಪು ಬಿದ್ದ ತಟ್ಟೆಯಲ್ಲಿ ನೀರು ನಿಂತಿರುತ್ತದೆ. ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೇ ಬೆರೆಸುವುದು ಇದೇ ಕಾರಣಕ್ಕೆ. ಉಪ್ಪು ಎಲ್ಲಿ ಹೆಚ್ಚಿದೆಯೋ ಅಲ್ಲಿಗೆ ನೀರು ಹರಿದು ಬರುತ್ತದೆ. ಹಪ್ಪಳ, ಉಪ್ಪಿನಕಾಯಿ ವರ್ಷವಿಡೀ ಕೆಡದೆ ಇರುವುದರ ಹಿಂದೆಯೂ ಈ ಗುಣವಿದೆ. ಸೂಕ್ಷ್ಮಜೀವಿಗಳು ಬೆಳೆಯಲು ಬೇಕಾದ ನೀರನ್ನು ಉಪ್ಪು ಅವಕ್ಕೆ ಸಿಗದಂತೆ ಮಾಡಿಬಿಡುತ್ತದೆ.

ಈಗ ನಮ್ಮ ಮೈಯೊಳಗೆ ಹೋಗೋಣ. ಉಪ್ಪಿನಲ್ಲಿ ಸೋಡಿಯಂ ಇದೆ, ಕ್ಲೋರೈಡ್ ಇದೆ. ಉಪ್ಪುಪ್ಪಾದದ್ದನ್ನು ತಿಂದಾಗ ರಕ್ತದಲ್ಲಿ ಸೋಡಿಯಂ ಏರುತ್ತದೆ. ಅದನ್ನು ಹದಕ್ಕೆ ತರಲು ನೀರು ಬೇಕು ಎಂದು ಮಿದುಳು ಸೂಚನೆ ಕೊಡುತ್ತದೆ, ನಮಗೆ ಬಾಯಾರುತ್ತದೆ. ಕುಡಿದ ನೀರನ್ನೂ ದೇಹ ಕೂಡಲೇ ಹೊರಗೆ ಬಿಡುವುದಿಲ್ಲ. ಸೋಡಿಯಂ ಇರುವಷ್ಟು ಹೊತ್ತು ಅದರ ಜತೆ ನೀರೂ ಉಳಿಯುತ್ತದೆ. ನಾಳಗಳೊಳಗೆ ಹರಿಯುವ ರಕ್ತದ ಪ್ರಮಾಣ ಹೆಚ್ಚಿತು ಎಂದರೆ ಗೋಡೆಗಳ ಮೇಲಿನ ಒತ್ತಡವೂ ಹೆಚ್ಚಿತು. ಬಿ.ಪಿ. ಯಂತ್ರ ಅಳೆಯುವುದು ಈ ಒತ್ತಡವನ್ನೇ.

ರಕ್ತಕ್ಕೆ ಅಂಥ ಒತ್ತಡ ಇದೆಯೆಂದು ಮೊದಲು ಅಳೆದು ತೋರಿಸಿದವರು ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ. ಕುದುರೆಯೊಂದರ ರಕ್ತನಾಳಕ್ಕೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿದಾಗ ರಕ್ತ 8 ಅಡಿಗೂ ಮೇಲಕ್ಕೆ ಏರಿತು. ಅವರು ಇದನ್ನು ಪುಸ್ತಕದಲ್ಲಿ ಪ್ರಕಟಿಸಿದ್ದು 1733ರಲ್ಲಿ. ಪಾಪದ ಕುದುರೆಯನ್ನು ನೆನೆದರೆ ಸಂಕಟವಾಗುತ್ತದೆ. ಈಗ ತೋಳಿಗೆ ಪಟ್ಟಿ ಸುತ್ತಿದರೆ ಸಾಕು, ನೋವಿಲ್ಲದೆ ಲೆಕ್ಕ ಸಿಗುತ್ತದೆ. ದೊಡ್ಡವರಲ್ಲಿ ಮೇಲಿನ ಅಂಕಿ 120ರ ಆಸುಪಾಸು ಇದ್ದರೆ ಚೆನ್ನ. 120 ಎಂದರೆ 120 ಮಿಲಿಮೀಟರ್ ಪಾದರಸವನ್ನು ಎತ್ತಿ ಹಿಡಿಯುವ ಒತ್ತಡ. ಪಾದರಸದ ಬದಲು ನೀರಾದರೆ 5 ಅಡಿಗೂ ಎತ್ತರಕ್ಕೆ ಏರುತ್ತದೆ! ನಮ್ಮ ಮುಷ್ಟಿಯಷ್ಟೇ ಇರುವ ಹೃದಯ ಇಷ್ಟು ಬಲದ ಕೆಲಸವನ್ನು ದಿನಕ್ಕೆ ಸುಮಾರು 1 ಲಕ್ಷ ಸಲ ಮಾಡುತ್ತದೆ.

ಉಪ್ಪನ್ನು ನಾವೂ ತಿನ್ನುತ್ತೇವೆ, ಅಜ್ಜಿಗೇ ಯಾಕೆ ತೊಂದರೆ? ತೋಟಕ್ಕೆ ನೀರು ಬಿಡುವ ಹೊಸ ರಬ್ಬರ್ ಪೈಪು ಒಳಗಿನ ನೀರು ಒತ್ತಿದರೆ ಹಿಗ್ಗುತ್ತದೆ. ಎಷ್ಟೋ ವರ್ಷ ಬಿಸಿಲಲ್ಲಿ ಬಿದ್ದ ಪೈಪು ಬಿರುಸಾಗಿ, ಹಿಗ್ಗದೆ, ನೀರಿನ ರಭಸವನ್ನೆಲ್ಲ ಗೋಡೆಯ ಮೇಲೇ ತಾಳಿಕೊಳ್ಳುತ್ತದೆ. ರಕ್ತನಾಳದ ಗೋಡೆಗಳೂ ವಯಸ್ಸಾದಂತೆ ಹಿಗ್ಗುವ ಗುಣ ಕಳೆದುಕೊಳ್ಳುತ್ತವೆ. ಸೋಡಿಯಂ ಅನ್ನು ಹೊರಹಾಕುವ ಮೂತ್ರಪಿಂಡಗಳ ಕೆಲಸವೂ ನಿಧಾನವಾಗುತ್ತದೆ. ಅಜ್ಜಿಯ ಹೃದಯ ಹೆಚ್ಚಿನ ಒತ್ತಡಕ್ಕೆ ಎದುರಾಗಿ ವರ್ಷಗಟ್ಟಲೆ ದುಡಿದರೆ ಅದರ ಸ್ನಾಯು ದಪ್ಪವಾಗುತ್ತದೆ, ಕ್ರಮೇಣ ಸೋಲುತ್ತದೆ. ಇಷ್ಟು ಸಾಲದೆಂಬಂತೆ ವಯಸ್ಸಾದವರ ನಾಲಿಗೆ, ಮೂಗು ಎರಡೂ ಮಂದವಾಗುತ್ತವೆ. ನಿಮಗೆ ಸರಿಯೆನಿಸುವ ಸಾರು ಅವರಿಗೆ ಸಪ್ಪೆ. ಇನ್ನಷ್ಟು ಉಪ್ಪು ಬೇಕೆನ್ನುತ್ತಾರೆ. ಅದು ಹಟವಲ್ಲ, ಅವರಿಗೆ ನಿಜವಾಗಿಯೂ ರುಚಿ ತಿಳಿಯುತ್ತಿಲ್ಲ. ಹಾಗಾಗಿ ಅವರ ಮೇಲೆ ರೇಗಬಾರದು.

ವಯಸ್ಸಾದರೆ ಎಲ್ಲರಿಗೂ ಬಿ.ಪಿ. ಬಂದೇ ಬರುತ್ತದೆ ಎಂದು ಹೇಳುವುದನ್ನು ಕೇಳಿರುತ್ತೀರಿ. 32 ದೇಶಗಳ 10,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಇಂಟರ್‌ಸಾಲ್ಟ್ ಎಂಬ ಅಧ್ಯಯನ 1988ರಲ್ಲಿ ಪ್ರಕಟವಾಯಿತು. ಅದರಲ್ಲಿ ಬ್ರೆಜಿಲ್‌ನ ಅಮೆಜಾನ್ ಕಾಡಿನ ಯಾನೊಮಾಮಿ ಜನರೂ ಇದ್ದರು. ಅವರ ಅಡುಗೆಗೆ ಉಪ್ಪು ಬೆರೆಸುವ ಪದ್ಧತಿಯೇ ಇರಲಿಲ್ಲ. ಅವರಲ್ಲಿ ವಯಸ್ಸು ಏರಿದರೂ ರಕ್ತದೊತ್ತಡ ಏರಿರಲಿಲ್ಲ. ಅವರು ದಿನವಿಡೀ ಓಡಾಡುವವರು, ಬೊಜ್ಜು ಇಲ್ಲದವರು ಎಂಬುದನ್ನೂ ಮರೆಯಬಾರದು. ಆದರೂ ಉಪ್ಪಿಗೂ ಒತ್ತಡಕ್ಕೂ ನಂಟಿದೆ ಎಂಬುದನ್ನು ಆಮೇಲಿನ ಪರೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ.

ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಚ್ಚುಕಡಿಮೆ ಒಂದು ಮಟ್ಟಸ ಟೀ ಚಮಚ, ಅಷ್ಟೇ. ಬೆಳಗಿನ ಉಪ್ಪಿಟ್ಟಿನಿಂದ ರಾತ್ರಿಯ ಮಜ್ಜಿಗೆವರೆಗೆ ಎಲ್ಲದರ ಉಪ್ಪೂ ಆ ಒಂದು ಚಮಚದಲ್ಲೇ ಮುಗಿಯಬೇಕು. ಸಾರಿನ ಉಪ್ಪು ಕಣ್ಣಿಗೆ ಕಾಣುತ್ತದೆ. ಉಪ್ಪಿನಕಾಯಿ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ, ಖಾರಾ ಮಿಕ್ಸ್ಚರ್, ಬೇಕರಿಯ ಬ್ರೆಡ್ಡು, ಬಿಸ್ಕತ್ತುಗಳ ಉಪ್ಪು ಲೆಕ್ಕಕ್ಕೇ ಸಿಗುವುದಿಲ್ಲ. ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ. ಸೈಂಧವ ಲವಣ ಒಳ್ಳೆಯದು, ಎಷ್ಟು ತಿಂದರೂ ಪರವಾಗಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದರಲ್ಲಿರುವುದೂ ಬಹುಪಾಲು ಇದೇ ಸೋಡಿಯಂ ಕ್ಲೋರೈಡ್.

ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆ ನಮ್ಮದು. ಅದು ಸುಳ್ಳಲ್ಲ, ಆದರೆ ಉಪ್ಪೊಂದರಿಂದಲೇ ರುಚಿ ಬರಬೇಕಾಗಿಲ್ಲ. ನಿಂಬೆಹುಳಿ, ಹುಣಸೆ, ಶುಂಠಿ, ಕಾಳುಮೆಣಸು, ಹುರಿದ ಜೀರಿಗೆ, ಕರಿಬೇವು, ಕೊತ್ತಂಬರಿ ಇವೆಲ್ಲ ಮಂದವಾದ ನಾಲಿಗೆಯನ್ನೂ ಎಚ್ಚರಿಸುತ್ತವೆ. ಸೊಪ್ಪು, ಹುರುಳಿ, ಹೆಸರುಕಾಳು, ಬಾಳೆಹಣ್ಣುಗಳಲ್ಲಿ ಪೊಟ್ಯಾಸಿಯಂ ಇದೆ, ಅದು ಸೋಡಿಯಂ ಮೂತ್ರದಲ್ಲಿ ಹೊರಹೋಗಲು ನೆರವಾಗುತ್ತದೆ. ಕಾಳುಗಳ ನಾರು ಕೊಲೆಸ್ಟ್ರಾಲ್ ಇಳಿಸಲೂ ಒಳ್ಳೆಯದು. ಬಸ್ಸಾರು, ಮೊಳಕೆಕಾಳಿನ ಹುಳಿ, ರಾಗಿಮುದ್ದೆ ಮಾಡುವ ಮನೆಯವರು ಹೃದಯಕ್ಕೆ ಬೇಕಾದ ಊಟಕ್ಕೆ ದೂರ ಹೋಗಬೇಕಾಗಿಲ್ಲ. ಉಪ್ಪು, ಎಣ್ಣೆಗಳ ಮೇಲೆ ಮಾತ್ರ ಕೈ ಹಿಡಿತವಿರಲಿ.

ನನಗೆ ಸರಿಯೆನಿಸದ್ದು ಆ ಬೇರೆ ಬಟ್ಟಲು. ಮನೆಯವರೆಲ್ಲ ಒಂದು ಸಾರು ಉಣ್ಣುವಾಗ ಅಜ್ಜಿಯೊಬ್ಬರಿಗೆ ಸಪ್ಪೆ ಸಾರು ಬಡಿಸಿದರೆ ಅವರಿಗೆ ಊಟವೇ ಬೇಡವಾಗುತ್ತದೆ. ವಯಸ್ಸಾದವರು ಊಟ ಕಡಿಮೆ ಮಾಡಿದರೆ ಬೇಗ ಸೊರಗುತ್ತಾರೆ, ಅದೂ ಅಪಾಯವೇ. ಅದರ ಬದಲು ಇಡೀ ಮನೆಯ ಅಡುಗೆಗೇ ವಾರ ವಾರ ಚಿಟಿಕೆ ಚಿಟಿಕೆ ಉಪ್ಪು ಇಳಿಸುತ್ತ ಹೋಗಬಹುದು. ಕೆಲವು ವಾರಗಳಲ್ಲಿ ನಾಲಿಗೆ ಅದಕ್ಕೆ ಹೊಂದಿಕೊಳ್ಳುತ್ತದೆ. ಮೊದಲಿನಷ್ಟು ಉಪ್ಪು ಹಾಕಿದ ಅಡುಗೆ ಆಮೇಲೆ ನಿಮಗೇ ಉಪ್ಪುಪ್ಪು ಅನ್ನಿಸುತ್ತದೆ. ನಿಮ್ಮ ರಕ್ತನಾಳಗಳಿಗೂ ಇದರಿಂದ ಲಾಭವೇ.

ಎರಡು ವಿಷಯದಲ್ಲಿ ಎಚ್ಚರವಿರಲಿ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿಗೆ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಮೂತ್ರಪಿಂಡದ ತೊಂದರೆ ಇರುವವರಿಗೆ, ಕೆಲವು ಬಿ.ಪಿ. ಮಾತ್ರೆ ನುಂಗುವವರಿಗೆ ಅದು ಅಪಾಯ ತರಬಹುದು. ಡಾಕ್ಟರನ್ನು ಕೇಳದೆ ಅದನ್ನು ತರಬೇಡಿ. ಇನ್ನು, ಉಪ್ಪು ಕಡಿಮೆಯಾಗಿ ಒತ್ತಡ ಇಳಿಯಿತೆಂದು ಅಜ್ಜಿ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಅದನ್ನು ತೀರ್ಮಾನಿಸುವವರು ಡಾಕ್ಟರು. ಇವತ್ತಿನ ಮಾತ್ರೆ ತಗೊಂಡ್ರಾ ಅಜ್ಜಿ ಎಂದು ದಿನಾ ಕೇಳುವ ಕೆಲಸ ಮಾತ್ರ ನಿಮ್ಮದಾಗಲಿ.