ಸಂಶೋಧನೆಗೆ ಹೊರಟವರಿಗೆ ದಾರಿ ತೋರುವವರು ಬೇಕು
(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಸ್ಥಾಪಿಸಿದರು. ಉಡುಪಿ, ಕಾಪು, ಕಾರ್ಕಳದ ಜನ ಚಿಕಿತ್ಸೆಗೆ ಮಣಿಪಾಲದ ಬಸ್ಸು ಹತ್ತುತ್ತಿದ್ದಾರೆ. ಮಕ್ಕಳು ಡಾಕ್ಟರಾಗಲಿ ಎಂಬ ಆಸೆ ನಮಗೆಲ್ಲರಿಗೂ ಇದೆ. ಆದರೆ ಕಾಯಿಲೆ ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ ಏಕೆ ಎಂದು ಹುಡುಕುವವರು ನಮ್ಮಲ್ಲಿ ಎಷ್ಟು ಮಂದಿ?

ವಿದ್ಯಾರ್ಥಿಯಾಗಿದ್ದಾಗ ನಾನು ಪ್ರಶ್ನಾವಳಿ ಹಿಡಿದು ಕಾಪುವಿನಲ್ಲಿ ಬೀಡಿ ಕಟ್ಟುವ ಹೆಂಗಸರ ಮನೆಗಳಿಗೆ ಹೋಗಿದ್ದೆ. "ಕೆಮ್ಮು ಇದೆಯೇ?" ಎಂದು ಕನ್ನಡದಲ್ಲಿ ಕೇಳಿದರೆ "ಇಲ್ಲ" ಎಂದರು. ಬ್ಯಾರಿ ಭಾಷೆಯಲ್ಲಿ ಮಾತಿಗೆ ಕುಳಿತಾಗ ಒಬ್ಬ ತಾಯಿ, ರಾತ್ರಿ ಕೆಮ್ಮಿನಿಂದ ನಿದ್ದೆಯಿಲ್ಲ ಎಂದರು. ಹೊಗೆಸೊಪ್ಪಿನ ಧೂಳೇ ಕಾರಣ ಎಂದು ಬರೆದುಕೊಂಡು ಬಂದೆ. ನನ್ನ ಮಾರ್ಗದರ್ಶಕರು ಕೇಳಿದರು: "ಬೀಡಿ ಕಟ್ಟದ ನೆರೆಮನೆಯವರಿಗೆ ಕೆಮ್ಮಿಲ್ಲವೇ? ಸೌದೆ ಒಲೆಯ ಹೊಗೆಯನ್ನು ವಿಚಾರಿಸಿದೆಯಾ? ಬರೆದುಕೊಳ್ಳಲು ಅವರ ಒಪ್ಪಿಗೆ ಪಡೆದೆಯಾ?" ಮರುದಿನ ಮತ್ತೆ ಅದೇ ಮನೆಗಳಿಗೆ ಹೋದೆ. ನಮ್ಮ ಭಾಷೆಯಿಂದ ಜನ ಮನಬಿಚ್ಚಿ ಮಾತನಾಡುತ್ತಾರೆ, ನಿಜ. ಆದರೆ ಅಷ್ಟರಿಂದಲೇ ಸಂಶೋಧನೆ ಆಗುವುದಿಲ್ಲ ಎಂಬುದನ್ನು ಅಂದು ಕಲಿತೆ.

2006ರ ಸಾಚಾರ್ ಸಮಿತಿಯ ವರದಿಯನ್ನು ನೋಡಿ. ಬಡತನ ಹೆಚ್ಚಿದ್ದರೂ ಮುಸ್ಲಿಮರಲ್ಲಿ ಶಿಶುಮರಣ ದೇಶದ ಸರಾಸರಿಗಿಂತ ಕಡಿಮೆ ಎಂದು ಅದು ತೋರಿಸಿತು. "ಎಲ್ಲದರಲ್ಲೂ ನಾವು ಹಿಂದೆ" ಎಂಬ ಉತ್ತರವನ್ನು ಮೊದಲೇ ಇಟ್ಟುಕೊಂಡು ಹೋದವರಿಗೆ ಇದು ಕಾಣುತ್ತಿರಲಿಲ್ಲ. ಅದೇ ವರದಿಯ ಪ್ರಕಾರ ಹೆಸರಾಂತ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ 50ಕ್ಕೆ ಒಬ್ಬರು ಮಾತ್ರ ಮುಸ್ಲಿಮರು. ಹಾಗಾದರೆ ಈ ಪ್ರಶ್ನೆಗಳನ್ನು ಮುಂದುವರಿಸುವವರು ಯಾರು?

ಅಲ್ಪಸಂಖ್ಯಾತ ಸಂಶೋಧಕರಿಗಾಗಿ 2009ರಲ್ಲಿ ಆರಂಭವಾದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಆದ್ದರಿಂದ ಸಂಘದ ಹೊಣೆ ಹೆಚ್ಚಿದೆ. ವರ್ಷಕ್ಕೊಮ್ಮೆ ಶಾಲು ಹೊದಿಸಿ ಬಹುಮಾನ ಕೊಟ್ಟರೆ ಸಾಲದು. ಓದಿ ಮುಂದೆ ಬಂದ ಪ್ರತಿಯೊಬ್ಬರೂ ಒಬ್ಬ ವಿದ್ಯಾರ್ಥಿಯನ್ನು ಮೂರು ವರ್ಷ ಜೊತೆಗಿಟ್ಟುಕೊಳ್ಳಲಿ. ಅವರ ಮೊದಲ ಬರಹವನ್ನು ಓದಿ ತಿದ್ದಲಿ. ಸೋತಾಗ ಫೋನಿಗೆ ಸಿಗಲಿ. ಹೆಣ್ಣುಮಕ್ಕಳು ಕ್ಷೇತ್ರಕಾರ್ಯಕ್ಕೆ ಹೊರಟಾಗ ಮನೆಯವರೊಡನೆ ಮಾತನಾಡಲಿ.

ವಿದ್ಯಾರ್ಥಿಗಳೇ, ವೈದ್ಯಕೀಯ ವಿದ್ಯಾರ್ಥಿಗಳ ಕಿರು ಸಂಶೋಧನೆಗೆ ಐಸಿಎಂಆರ್ 1979ರಿಂದ ನೆರವು ಕೊಡುತ್ತಿದೆ. ಅರ್ಜಿ ಹಾಕಲು ಒಬ್ಬ ಮಾರ್ಗದರ್ಶಕರು ಬೇಕು. ಅವರು ನಮ್ಮ ಸಮುದಾಯದವರೇ ಆಗಬೇಕೆಂದಿಲ್ಲ. ನನ್ನ ಗುರುಗಳೂ ಆಗಿರಲಿಲ್ಲ. ಸಂಕೋಚ ಬಿಟ್ಟು ಅವರ ಬಾಗಿಲು ತಟ್ಟಿ. ನಾಳೆ ನಿಮ್ಮ ಬಾಗಿಲು ತಟ್ಟುವವರನ್ನು ಬರಿಗೈಯಲ್ಲಿ ಕಳುಹಿಸಬೇಡಿ.